ಇಂಗ್ಲಿಷ್ ವಾಕ್ಯವನ್ನು ಕಟ್ಟುವ ಬಗೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂಗ್ಲಿಷ್ ಕಲಿಯುವ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆಮಾಡಿದ್ದಾರೆ. ಕನ್ನಡ ಸಂಘದಲ್ಲಿ ಇಂಗ್ಲಿಷಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದುಡಿಮೆಗಾಗಿ ಈ ಊರಿಗೆ ಬಂದ ಕನ್ನಡಿಗನಿಗೆ ತಮಿಳು ಕಿವಿಯಿಂದ ಬರುತ್ತದೆ. ಕೆಲವು ತಿಂಗಳು ಕಳೆಯುವುದರೊಳಗೆ ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಹೋಟೆಲಿನ ಅಡಿಗೆಮನೆಯಲ್ಲಿ ಅವನು ತಡವರಿಸದೆ ಮಾತನಾಡುತ್ತಾನೆ. ಆದರೆ ತಮಿಳಿನ ಲಿಪಿ ಎಲ್ಲರಿಗೂ ಕಣ್ಣಿಗೆ ಹತ್ತುವುದಿಲ್ಲ. ಹೀಗಾಗಿ ಕಾಗದದ ಮೇಲಿನ ವ್ಯವಹಾರ ಬಂದಾಗ, ಎಂದರೆ ಬ್ಯಾಂಕಿನ ಅರ್ಜಿ, ಮನೆಬಾಡಿಗೆಯ ಕರಾರು, ನೇಮಕದ ಪತ್ರ, ಆಸ್ಪತ್ರೆಯ ಒಪ್ಪಿಗೆಪತ್ರ ಇವೆಲ್ಲ ಮುಂದೆ ಬಂದು ಕುಳಿತಾಗ, ಇಂಗ್ಲಿಷೇ ಗತಿಯಾಗುತ್ತದೆ. ಓದಲಾರದ ಕಾಗದಕ್ಕೆ ರುಜು ಹಾಕುವವನ ಪಾಡು ನಿಮಗೆ ತಿಳಿಯದ್ದೇನೂ ಅಲ್ಲ.

ಇನ್ನೊಂದು ಪಾಡೂ ಇದೆ. ಊರಿನಲ್ಲಿ ತಾಯಿಗೆ ಕಾಯಿಲೆ. ಮಗ ರಜೆ ಕೇಳಬೇಕು. ಅವನಿಗೆ ಬಾಯಿಪಾಠವಾಗಿರುವುದು ಶಾಲೆಯಲ್ಲಿ ಬರೆಸಿದ ಒಂದೇ ಒಂದು ಪತ್ರ: ‘ನಾನು ಜ್ವರದಿಂದ ನರಳುತ್ತಿರುವುದರಿಂದ’ ಎಂದು ಶುರುವಾಗುವ ಪತ್ರ. ಅದನ್ನೇ ನಕಲು ಮಾಡಿ ಕೊಡುತ್ತಾನೆ. ವಾರದ ಮೇಲೆ ಹಿಂದಿರುಗಿದಾಗ ಮೇಲಧಿಕಾರಿ ವೈದ್ಯರ ಸರ್ಟಿಫಿಕೇಟು ಕೇಳುತ್ತಾರೆ. ಸುಳ್ಳು ಹೇಳುವ ಮನಸ್ಸು ಅವನಿಗೆ ಎಳ್ಳಷ್ಟೂ ಇರಲಿಲ್ಲ, ಆದರೂ ಸುಳ್ಳುಗಾರನಾದ. ಏಕೆಂದರೆ ಅವನು ಆಡಿದ್ದು ತನ್ನ ಮಾತನ್ನಲ್ಲ, ಬೇರೆ ಯಾರದೋ ಮಾತನ್ನು. ಇಂಗ್ಲಿಷ್ ಕಲಿಯಬೇಕಾದ್ದು ದೊಡ್ಡಸ್ತಿಕೆಗಾಗಿ ಅಲ್ಲ. ನಮ್ಮ ನಿಜವನ್ನು ನಾವೇ ಹೇಳಿಕೊಳ್ಳುವುದಕ್ಕಾಗಿ. ಇಂದಿನ ನನ್ನ ಮಾತಿನ ಸಾರವೂ ಇಷ್ಟೆ: ಸಿದ್ಧವಾಕ್ಯಗಳನ್ನು ನುಂಗಬೇಡಿ, ನಿಮ್ಮ ಕೆಲಸದ ವಾಕ್ಯಗಳನ್ನು ನೀವೇ ಕಟ್ಟಿರಿ.

ವ್ಯಾಕರಣವೆಂದರೆ ಹಲವರಿಗೆ ಹೆದರಿಕೆ. ಈ ಹೆದರಿಕೆಗೆ ಕಾರಣ ಕಾಣೆ. ‘ಹೋಗು’ ಎಂಬ ನಮ್ಮ ಒಂದು ಧಾತುವನ್ನು ತೆಗೆದುಕೊಳ್ಳಿ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯೆ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ, ಹೋಗುತ್ತವೆ. ವರ್ತಮಾನಕಾಲ ಒಂದಕ್ಕೇ ಒಂಬತ್ತು ರೂಪ! ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಎರಡೇ: ‘ಗೋ’ ಮತ್ತು ‘ಗೋಸ್’. ಅವನು, ಅವಳು, ಅದು ಎಂಬ ಏಕವಚನ ಬಂದಾಗ ಕೊನೆಗೆ ಒಂದು ಸಕಾರ. ಉಳಿದೆಡೆ ಏನೂ ಇಲ್ಲ. ಒಂಬತ್ತು ರೂಪಗಳನ್ನು ತಾಯಿಯ ಮಡಿಲಲ್ಲೇ ಕಲಿತವರು ಒಂದು ಸಕಾರಕ್ಕೆ ಹೆದರಬೇಕೆ? ನಮಗೆ ವ್ಯಾಕರಣ ಗೊತ್ತಿಲ್ಲವೆಂಬುದು ಸುಳ್ಳು. ಒಂದು ವ್ಯಾಕರಣ ಚೆನ್ನಾಗಿ ಗೊತ್ತಿದೆ. ಅದು ಎರಡನೆಯದರ ಜಾಗಕ್ಕೆ ನುಗ್ಗುತ್ತದೆ. ನಾವು ಮಾಡುವ ತಪ್ಪುಗಳಲ್ಲಿ ಬಹುಪಾಲು ಇಂಥವೇ.

ಇದೇ ಊರಿನಲ್ಲಿ ಒಮ್ಮೆ ಈ ಕಥೆ ತಿರುವುಮುರುವಾಗಿ ನಡೆದಿತ್ತು. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜನ್ನು ಸ್ಥಾಪಿಸಿದರು. ಇಂಗ್ಲೆಂಡಿನಿಂದ ಬಂದಿಳಿದ ತರುಣ ಅಧಿಕಾರಿಗಳು ನಮ್ಮವರಾದ ಮುನ್ಷಿಗಳ ಎದುರು ಕುಳಿತು ತಮಿಳು, ತೆಲುಗು, ಕನ್ನಡ ಮೊದಲಾದ ಭಾಷೆಗಳನ್ನು ಕಲಿತು ಪರೀಕ್ಷೆ ಕೊಡಬೇಕಾಗಿತ್ತು. ನುಂಗಂಬಾಕ್ಕಂನ ಕಾಲೇಜ್ ರಸ್ತೆಗೆ ಆ ಹೆಸರು ಬಂದದ್ದು ಆ ಕಾಲೇಜಿನಿಂದ. ಜಾನ್ ಮೆಕೆರೆಲ್ ಎಂಬ ಅಧಿಕಾರಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲೇ ಅಚ್ಚಾಯಿತು. ವಿಲಿಯಂ ರೀವ್ ಎಂಬ ಪಾದ್ರಿಗಳ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಇಲ್ಲಿಂದಲೇ ಹೊರಬಂದವು. ನಮ್ಮ ಒಂಬತ್ತು ರೂಪಗಳನ್ನೂ ಏಳು ವಿಭಕ್ತಿಗಳನ್ನೂ ಆ ಮಂದಿ ಪಟ್ಟಿಮಾಡಿ, ಬರೆದು, ತಿದ್ದಿಸಿಕೊಂಡು ಕಲಿತರು. ಪರಭಾಷೆಯ ಎದುರು ಅವರೂ ನಮ್ಮ ಹಾಗೆಯೇ ತಡವರಿಸುವ ವಿದ್ಯಾರ್ಥಿಗಳಾಗಿದ್ದರು ಎಂಬುದನ್ನು ನೆನಪಿನಲ್ಲಿಟ್ಟರೆ ನಮ್ಮ ಸಂಕೋಚ ಅರ್ಧ ಕಡಮೆಯಾಗುತ್ತದೆ.

ಈಗ ಎರಡು ಭಾಷೆಗಳ ಕಟ್ಟಡ ಎಲ್ಲೆಲ್ಲಿ ಬೇರೆಯಾಗುತ್ತದೆ ಎಂಬುದನ್ನು ನೋಡೋಣ.

ಹೋಟೆಲುಗಳ ಬಾಗಿಲಲ್ಲಿ ‘ಮೀಲ್ಸ್ ರೆಡಿ’ ಎಂಬ ಹಲಗೆಯನ್ನು ನೀವೆಲ್ಲರೂ ಕಂಡಿದ್ದೀರಿ. ಕೆಲವರು ನೀವೇ ತೂಗುಹಾಕಿಯೂ ಇದ್ದೀರಿ. ಕನ್ನಡದಲ್ಲಿ ‘ಊಟ ಸಿದ್ಧ’ ಎಂದರೆ ಪೂರ್ಣವಾಕ್ಯ, ತಮಿಳಿನಲ್ಲೂ ಹಾಗೆಯೇ. ‘ಅವರು ನನ್ನ ಅಣ್ಣ’, ‘ಇದು ನಮ್ಮ ಅಂಗಡಿ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಯಾರೂ ಅದನ್ನು ಬಯಸುವುದೂ ಇಲ್ಲ. ಇಂಗ್ಲಿಷಿನ ಪೂರ್ಣವಾಕ್ಯ ಕ್ರಿಯಾಪದವಿಲ್ಲದೆ ನಿಲ್ಲದು. ‘ಮೀಲ್ಸ್ ಆರ್ ರೆಡಿ’, ‘ಹಿ ಈಸ್ ಮೈ ಬ್ರದರ್’ ಎನ್ನಬೇಕು. ಹಲಗೆಗೆ ಎರಡು ಮಾತು ಸಾಕು, ಪತ್ರಕ್ಕೆ ಸಾಲದು. ಆದ್ದರಿಂದ ಮೊದಲನೆಯ ಅಭ್ಯಾಸ: ಬರೆದ ಪ್ರತಿಯೊಂದು ವಾಕ್ಯದಲ್ಲೂ ಕ್ರಿಯಾಪದ ಎಲ್ಲಿದೆ ಎಂದು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ.

ಎರಡನೆಯದು ಪದಗಳ ಕ್ರಮ. ‘ನಾನು ನಿನ್ನೆ ಬ್ಯಾಂಕಿನಲ್ಲಿ ಹಣ ಕಟ್ಟಿದೆ’ ಎಂಬ ವಾಕ್ಯವನ್ನು ತಮಿಳಿಗೆ ತಿರುಗಿಸುವಾಗ ಪದಕ್ಕೆ ಪದ ಇಡುತ್ತ ಹೋದರೂ ಸರಿಹೋಗುತ್ತದೆ. ಅಕ್ಕತಂಗಿಯರ ಭಾಷೆಗಳು ಅವು. ಇಂಗ್ಲಿಷಿಗೆ ಆ ದಾರಿ ಇಲ್ಲ. ಬೇರೊಂದು ದಾರಿ ಇದೆ. ‘ನಾನು’ ಎಂಬ ಕರ್ತೃಪದವನ್ನು ಮೊದಲಿಗೆ ಇಡಿ. ಆಮೇಲೆ ಕನ್ನಡ ವಾಕ್ಯವನ್ನು ಬಾಲದಿಂದ ತಲೆಯ ಕಡೆಗೆ ಓದಿರಿ: ಕಟ್ಟಿದೆ, ಹಣ, ಬ್ಯಾಂಕಿನಲ್ಲಿ, ನಿನ್ನೆ. ‘ಐ ಪೇಯ್ಡ್ ದ ಮನಿ ಅಟ್ ದ ಬ್ಯಾಂಕ್ ಯೆಸ್ಟರ್‌ಡೇ.’ ವಾಕ್ಯ ಸಿದ್ಧವಾಯಿತು. ಈ ‘ಹಿಂದಿನದು ಮುಂದೆ’ ಎಂಬ ಸೂತ್ರ ಬಹಳ ಕಡೆ ಕೆಲಸಕ್ಕೆ ಬರುತ್ತದೆ. ‘ಮೇಜಿನ ಮೇಲೆ’ ಎಂಬುದು ‘ಆನ್ ದ ಟೇಬಲ್’ ಆಗುತ್ತದೆ. ‘ನಿನ್ನೆ ಬಂದ ಪತ್ರ’ ಎಂಬಲ್ಲಿ ಪತ್ರ ಮೊದಲು ಬಂದು, ‘ದ ಲೆಟರ್ ದಟ್ ಕೇಮ್ ಯೆಸ್ಟರ್‌ಡೇ’ ಆಗುತ್ತದೆ. ಪ್ರಶ್ನೆಯಲ್ಲೂ ಹಾಗೆಯೇ. ‘ಬರುತ್ತೀರಾ?’ ಎಂಬಲ್ಲಿ ಪ್ರಶ್ನೆಯ ಗುರುತು ಕೊನೆಯಲ್ಲಿದೆ. ‘ವಿಲ್ ಯೂ ಕಮ್?’ ಎಂಬಲ್ಲಿ ಅದು ಎದ್ದು ಮೊದಲಿಗೆ ಬಂದು ಕುಳಿತಿದೆ. ಒಂದು ಎಚ್ಚರಿಕೆ: ವಿಶೇಷಣ ಮಾತ್ರ ತನ್ನ ಸ್ಥಳ ಬಿಡುವುದಿಲ್ಲ. ‘ಹೊಸ ಅಂಗಡಿ’ ಅಲ್ಲಿಯೂ ‘ನ್ಯೂ ಷಾಪ್’ ಎಂದೇ.

ಮೂರನೆಯದು ‘ನನಗೆ’ ಎಂಬ ಪದ. ನನಗೆ ಜ್ವರ ಬಂದಿದೆ, ನನಗೆ ಇಬ್ಬರು ಮಕ್ಕಳಿದ್ದಾರೆ, ನನಗೆ ಕೆಲಸ ಬೇಕು, ನನಗೆ ಇಂಗ್ಲಿಷ್ ಬರುತ್ತದೆ ಎನ್ನುತ್ತೇವೆ. ಕನ್ನಡದಲ್ಲಿ ಜ್ವರವೂ ಭಾಷೆಯೂ ತಾವಾಗಿ ನಮ್ಮಲ್ಲಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಇಂಥ ಕಡೆಯಲ್ಲೆಲ್ಲ ‘ನಾನು’ ಎಂದೇ ಎದ್ದು ನಿಲ್ಲಬೇಕು: ‘ಐ ಹ್ಯಾವ್ ಎ ಫೀವರ್’, ‘ಐ ಹ್ಯಾವ್ ಟೂ ಚಿಲ್ಡ್ರನ್’, ‘ಐ ನೀಡ್ ಎ ಜಾಬ್’, ‘ಐ ನೋ ಇಂಗ್ಲಿಷ್’. ‘ನನಗೆ’ ಎಂದು ಶುರುವಾಗುವ ಹತ್ತು ಕನ್ನಡ ವಾಕ್ಯಗಳನ್ನು ಬರೆದು, ಪ್ರತಿಯೊಂದನ್ನೂ ‘ಐ’ ಎಂದು ತಿರುಗಿಸುವುದು ಒಂದು ಸಂಜೆಗೆ ಸಾಕಾಗುವ ಒಳ್ಳೆಯ ಅಭ್ಯಾಸ.

ನಾಲ್ಕನೆಯದು ನಮ್ಮ ‘ಇಂದ’ ಎಂಬ ಪ್ರತ್ಯಯ. ಇದೊಂದೇ ಇಂಗ್ಲಿಷಿಗೆ ಹೋದಾಗ ಹಲವು ವೇಷ ಹಾಕುತ್ತದೆ. ಊರಿನಿಂದ ಬಂದೆ ಎಂಬಲ್ಲಿ ‘ಫ್ರಮ್’. ಚಾಕುವಿನಿಂದ ಕತ್ತರಿಸಿದೆ ಎಂಬಲ್ಲಿ ‘ವಿತ್’. ಸೋಮವಾರದಿಂದ ಕಾಯುತ್ತಿದ್ದೇನೆ ಎಂಬಲ್ಲಿ ‘ಸಿನ್ಸ್’. ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಎಂಬಲ್ಲಿ ‘ಫಾರ್’. ಕಡೆಯ ಎರಡರಲ್ಲಿ ನಮ್ಮವರು ಎಡವುವುದು ಹೆಚ್ಚು. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆದುಬಿಡುತ್ತಾರೆ. ಶುರುವಾದ ದಿನ ಅಥವಾ ವರ್ಷ ಹೇಳಿದರೆ ‘ಸಿನ್ಸ್’. ಕಳೆದ ಕಾಲದ ಅಳತೆ ಹೇಳಿದರೆ ‘ಫಾರ್’. ಕ್ರಿಯಾಪದವೂ ಬದಲಾಗಿ, ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಎಂದಾಗಬೇಕು. ಬಡ್ತಿಯ ಅರ್ಜಿಯಲ್ಲಿ ಬಂದೇ ಬರುವ ವಾಕ್ಯವಿದು. ಇದೊಂದನ್ನಾದರೂ ಸರಿಯಾಗಿ ಕಟ್ಟಲು ಕಲಿತು ಇಟ್ಟುಕೊಳ್ಳಿ.

ಐದನೆಯದು ‘ಎ’ ಮತ್ತು ‘ದ’ ಎಂಬ ಎರಡು ಪುಟ್ಟ ಪದಗಳು. ಇವು ಕನ್ನಡದಲ್ಲಿ ಇಲ್ಲವೆಂದು ಕೊರಗುತ್ತೇವೆ. ಅಜ್ಜಿಯ ಕಥೆಯನ್ನು ನೆನೆಯಿರಿ: ಒಂದೂರಿನಲ್ಲಿ ಒಬ್ಬ ರಾಜ, ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲ ಸಲ ಹೇಳುವಾಗ ‘ಒಬ್ಬ’. ಕೇಳುವವನಿಗೆ ಪರಿಚಯವಾದ ಮೇಲೆ ‘ಆ’. ‘ಎ ಕಸ್ಟಮರ್ ಕೇಮ್, ದ ಕಸ್ಟಮರ್ ಆಸ್ಕ್ಡ್ ಫಾರ್ ದ ಬಿಲ್’ ಎಂಬಲ್ಲೂ ನಡೆದಿರುವುದು ಅದೇ. ನಮ್ಮಲ್ಲಿ ಬೇಕಾದಾಗ ಬಳಸುತ್ತೇವೆ, ಅವರಲ್ಲಿ ಹೆಚ್ಚು ಕಡೆ ಬಳಸಲೇಬೇಕು. ಇದರ ಎಲ್ಲ ಒಳಸುಳಿಗಳು ಒಂದೇ ದಿನಕ್ಕೆ ತಿಳಿಯುವಂಥವಲ್ಲ. ಆದರೆ ಅಜ್ಜಿಯ ಕಥೆ ಬಹಳ ದೂರ ಕೈಹಿಡಿದು ನಡೆಸುತ್ತದೆ.

ಇನ್ನು ಪದಸಂಪತ್ತಿನ ವಿಷಯ. ಎಷ್ಟು ಪದ ಕಲಿತರೆ ಸಾಕು? ಮೈಕೆಲ್ ವೆಸ್ಟ್ ಎಂಬ ಅಧ್ಯಾಪಕರು ಅಂದಿನ ಬಂಗಾಳದ ಢಾಕಾದಲ್ಲಿ ಕೆಲಸ ಮಾಡುತ್ತಿದ್ದಾಗ, ಹುಡುಗರು ಬೇಡದ ಪದಗಳ ಹೊರೆಯಲ್ಲಿ ಸಿಕ್ಕಿ ಬೇಕಾದ ಪುಸ್ತಕವನ್ನೇ ಓದಲಾರದೆ ಹೋಗುವುದನ್ನು ಕಂಡು, ಆಯ್ದ ಪದಗಳಲ್ಲೇ ಪಾಠದ ಪುಸ್ತಕಗಳನ್ನು ಬರೆದರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಹೆಚ್ಚು ಬಳಕೆಯ ಸುಮಾರು 2000 ಪದಗಳಿವೆ. ಸಾಧಾರಣ ಬರವಣಿಗೆಯ ಬಹುಭಾಗ ಇಂಥ ಪದಗಳಿಂದಲೇ ನಡೆಯುತ್ತದೆ. ದಿನಕ್ಕೆ ಐದು ಪದದಂತೆ ಕಲಿತರೆ 400 ದಿನ. ಒಂದು ವರ್ಷದ ಮೇಲೆ ಒಂದು ತಿಂಗಳು ಚಿಲ್ಲರೆ. ಹೋಟೆಲು, ಗೋದಾಮು, ಲೆಕ್ಕಪತ್ರ ಎಂದು ಅವರವರ ಕಸಬಿನ ನೂರಿನ್ನೂರು ಪದ ಅದರ ಮೇಲೆ ಬೇಕಾಗಬಹುದು.

ಆದರೆ ಪದವನ್ನು ಒಂಟಿಯಾಗಿ ಕಲಿಯಬೇಡಿ. ಅದರ ಸಂಗಾತಿಗಳೊಡನೆ ಕಲಿಯಿರಿ. ‘ಲೀವ್’ ಎಂದರೆ ರಜೆ ಎಂದು ಬರೆದುಕೊಂಡರೆ ಪ್ರಯೋಜನ ಅಷ್ಟಕ್ಕಷ್ಟೆ. ‘ಅಪ್ಲೈ ಫಾರ್ ಲೀವ್’, ‘ಗ್ರ್ಯಾಂಟ್ ಲೀವ್’, ‘ಆನ್ ಲೀವ್’ ಎಂದು ಮೂರು ಜೊತೆ ಬರೆದುಕೊಂಡರೆ ಮೂರು ವಾಕ್ಯ ಕೈಗೆ ಬಂದಂತೆ. ಎ. ಎಸ್. ಹಾರ್ನ್‌ಬಿ ಎಂಬುವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಅಲ್ಲಿ ಪ್ರಕಟವಾಗಿ, 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂತು. ಯಾವ ಕ್ರಿಯಾಪದದ ಮುಂದೆ ಯಾವ ರೀತಿಯ ಮಾತು ಬರಬೇಕೆಂದು ಕಲಿಯುವವನಿಗಾಗಿಯೇ ಅದರಲ್ಲಿ ತೋರಿಸಿದ್ದಾರೆ. ಮನಸ್ಸಿನಲ್ಲಿ ಕನ್ನಡ ಪದವಿದ್ದು ಇಂಗ್ಲಿಷ್ ಪದ ಹೊಳೆಯದಾದಾಗ ಕಿಟ್ಟೆಲ್ ನಿಘಂಟನ್ನು ನೋಡಬಹುದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಗ್ರಂಥವನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಎಗ್ಮೋರಿನ ಕನ್ನೆಮರಾ ಗ್ರಂಥಾಲಯವಂತೂ 1896ರಿಂದ ಸಾರ್ವಜನಿಕರಿಗೆ ತೆರೆದಿದೆ.

ಅಭ್ಯಾಸ ಮಾಡುವ ಬಗೆ ಹೇಗೆ? ನಿಯಮ ಮೊದಲೋ, ಬಳಕೆ ಮೊದಲೋ ಎಂಬ ವಾದ ಹಳೆಯದು. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು, ಕಡಲೂರು ಮುಂತಾದ ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು; ಲೋಕದಲ್ಲಿ ಅದು ‘ಬೆಂಗಳೂರು ಯೋಜನೆ’ ಎಂದು ಹೆಸರಾಗಿದೆ. ಅಲ್ಲಿ ವ್ಯಾಕರಣದ ಪಾಠವಿಲ್ಲ, ವಾಕ್ಯಗಳ ಗಿಳಿಪಾಠವಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಇಂಥದನ್ನು ಮುಂದಿಟ್ಟು, ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿ, ಲೆಕ್ಕಹಾಕಿ ಉತ್ತರ ಕಂಡುಹಿಡಿಯುವ ಕೆಲಸವನ್ನು ಮಕ್ಕಳಿಗೆ ಕೊಡುತ್ತಿದ್ದರು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ಭಾಷೆಯ ರೂಪ ತಾನಾಗಿ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಎಲ್ಲ ಪಂಡಿತರೂ ಇದನ್ನು ಒಪ್ಪಿಲ್ಲ. ನಮ್ಮಂಥ ದೊಡ್ಡವರಿಗೆ, ಹಗಲೆಲ್ಲ ದುಡಿದು ಸಂಜೆ ಒಂದು ಗಂಟೆ ಸಿಕ್ಕವರಿಗೆ, ನಿಯಮದ ಸಹಾಯವೂ ಬೇಕೆಂದು ನನಗೆ ತೋರುತ್ತದೆ. ಆದರೆ ಕೆಲಸ ಮೊದಲು, ನಿಯಮ ಅದರ ಹಿಂದೆ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ ಒಳ್ಳೆಯ ಪುಸ್ತಕ. ಅದು ಸಂಶಯ ಬಂದಾಗ ತೆರೆದು ನೋಡುವುದಕ್ಕೆ, ಮೊದಲ ಪುಟದಿಂದ ಉರುಹೊಡೆಯುವುದಕ್ಕಲ್ಲ.

ಈ ವಾಚನಾಲಯದಲ್ಲೇ ಮಾಡಬಹುದಾದ ಕೆಲಸ ಎರಡು ಹೇಳುತ್ತೇನೆ. ಒಂದು, ಇಬ್ಬರು ಕುಳಿತು ರೈಲಿನ ವೇಳಾಪಟ್ಟಿ ಹಿಡಿಯಿರಿ. ಬೃಂದಾವನ ಎಕ್ಸ್‌ಪ್ರೆಸ್ ಸೆಂಟ್ರಲ್ ನಿಲ್ದಾಣವನ್ನು ಎಷ್ಟಕ್ಕೆ ಬಿಡುತ್ತದೆ, ಬೆಂಗಳೂರನ್ನು ಎಷ್ಟಕ್ಕೆ ಮುಟ್ಟುತ್ತದೆ, ಎಷ್ಟು ಹೊತ್ತಿನ ಪ್ರಯಾಣ ಎಂದು ಇಂಗ್ಲಿಷಿನಲ್ಲೇ ಒಬ್ಬರು ಕೇಳಿ, ಇನ್ನೊಬ್ಬರು ಹೇಳಿ. ‘ದ ಟ್ರೇನ್ ಲೀವ್ಸ್’, ‘ದ ಟ್ರೇನ್ ಅರೈವ್ಸ್’ ಎಂದು ಹತ್ತು ಸಲ ಹೇಳುವುದರೊಳಗೆ ಆ ಸಕಾರ ನಾಲಿಗೆಯ ತುದಿಯಲ್ಲಿ ನೆಲೆಸಿರುತ್ತದೆ. ಎರಡು, ಮೇಜಿನ ಮೇಲೆ ಕನ್ನಡ ಪತ್ರಿಕೆಯೂ ಇದೆ, 1878ರಲ್ಲಿ ಈ ಊರಿನಲ್ಲೇ ವಾರಪತ್ರಿಕೆಯಾಗಿ ಹುಟ್ಟಿದ ‘ದಿ ಹಿಂದೂ’ ಕೂಡ ಇದೆ. ಒಂದು ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿ, ಅದೇ ಸುದ್ದಿಯನ್ನು ಆಮೇಲೆ ಇಂಗ್ಲಿಷಿನಲ್ಲಿ ಓದಿರಿ. ವಿಷಯ ಮೊದಲೇ ತಿಳಿದಿರುವುದರಿಂದ ಪದಗಳ ಅರ್ಥ ತಾನಾಗಿ ಹೊಳೆಯುತ್ತದೆ. ನಿಘಂಟಿನ ಕೆಲಸ ಮುಕ್ಕಾಲು ಉಳಿಯುತ್ತದೆ.

ಈಗ ತಾಯಿಗೆ ಕಾಯಿಲೆಯೆಂದು ರಜೆ ಕೇಳಬೇಕಾದ ನಮ್ಮ ಬಂಧುವಿನ ಪತ್ರವನ್ನು ಕಟ್ಟಿ ನೋಡೋಣ. ‘ಮೈ ಮದರ್ ಈಸ್ ಇಲ್.’ ಕ್ರಿಯಾಪದವಿದೆ. ‘ಶಿ ಲಿವ್ಸ್ ಇನ್ ಕುಂದಾಪುರ.’ ಸಕಾರವಿದೆ. ‘ಐ ಮಸ್ಟ್ ಟೇಕ್ ಹರ್ ಟು ದ ಹಾಸ್ಪಿಟಲ್.’ ಕನ್ನಡದ ಬಾಲ ಮುಂದೆ ಬಂದಿದೆ. ‘ಪ್ಲೀಸ್ ಗ್ರ್ಯಾಂಟ್ ಮಿ ಲೀವ್ ಫಾರ್ ಫೈವ್ ಡೇಸ್, ಫ್ರಮ್ ಮಂಡೇ ಟು ಫ್ರೈಡೇ.’ ಪದ ತನ್ನ ಸಂಗಾತಿಯೊಡನೆ ಇದೆ. ‘ಐ ವಿಲ್ ರಿಟರ್ನ್ ಟು ವರ್ಕ್ ಆನ್ ಸ್ಯಾಟರ್‌ಡೇ.’ ಐದು ವಾಕ್ಯ. ಒಂದೂ ದೊಡ್ಡ ಮಾತಿಲ್ಲ, ಒಂದೂ ಸುಳ್ಳಿಲ್ಲ. ಇದನ್ನು ಓದಿದ ಅಧಿಕಾರಿಗೆ ಸಂಗತಿ ಏನೆಂಬುದು ಒಂದೇ ಓದಿಗೆ ತಿಳಿಯುತ್ತದೆ.

ಸರಳವಾದ ಇಂಗ್ಲಿಷಿನಿಂದ ದೊಡ್ಡ ಕೆಲಸ ಆಗದೆಂದು ಎಣಿಸಬೇಡಿ. ಈ ಊರಿನ ಬಂದರು ಕಚೇರಿಯಲ್ಲಿ 1912ರಲ್ಲಿ ಒಬ್ಬ ಗುಮಾಸ್ತರು ಸೇರಿದರು; ಸಂಬಳ ತಿಂಗಳಿಗೆ 30 ರೂಪಾಯಿ. ಹಿಂದೆ ಕುಂಭಕೋಣದ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡಿದ್ದವರು ಅವರು. 1913ರ ಜನವರಿ 16ರಂದು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರು. ತಾನು ಯಾರು, ಎಲ್ಲಿ ಕೆಲಸ, ಎಷ್ಟು ಸಂಬಳ, ಎಷ್ಟು ಓದು, ಬಿಡುವಿನಲ್ಲಿ ಏನು ಮಾಡಿದ್ದೇನೆ, ತಮ್ಮಿಂದ ಏನು ಬೇಡುತ್ತೇನೆ: ಕ್ರಮವಾಗಿ ಇಷ್ಟನ್ನು ಹೇಳಿ ಗಣಿತದ ಹಾಳೆಗಳನ್ನು ಜೊತೆಗಿಟ್ಟರು. ಆ ಪತ್ರದ ದೆಸೆಯಿಂದ 1914ರಲ್ಲಿ ಶ್ರೀನಿವಾಸ ರಾಮಾನುಜನ್ ಇಂಗ್ಲೆಂಡಿಗೆ ಹೊರಟರು. ಗಣಿತದ ಪ್ರತಿಭೆ ಅವರದೇ. ಅದು ನಮಗೆ ನಿಮಗೆ ಬರುವಂಥದಲ್ಲ. ಆದರೆ ಪತ್ರದ ಕ್ರಮ ಯಾವ ಗುಮಾಸ್ತನಿಗೂ ಎಟುಕುವಂಥದೇ.

ಕೈಯಲ್ಲಿರುವ ಫೋನೇ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುವಾಗ ಈ ಪ್ರಯಾಸವೇಕೆ ಎಂದು ತರುಣರು ಕೇಳುತ್ತಾರೆ. ತಿರುಗಿಸಿಕೊಳ್ಳಿ, ತಪ್ಪಿಲ್ಲ. ನೀವೇ ವಾಕ್ಯ ಕಟ್ಟಿದ ಮೇಲೆ ಅದರೊಡನೆ ಹೋಲಿಸಿ ನೋಡಿದರೆ ಫೋನೂ ಒಬ್ಬ ಮುನ್ಷಿಯಾಗುತ್ತದೆ. ಆದರೆ ಅದು ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿಯುವಷ್ಟು ಭಾಷೆ ನಿಮ್ಮಲ್ಲಿರಬೇಕು. ಏಕೆಂದರೆ ಕಾಗದದ ಕೆಳಗೆ ರುಜು ಹಾಕುವವರು ನೀವು, ಫೋನಲ್ಲ.

ಇಂಗ್ಲಿಷ್ ಕಲಿತರೆ ಕನ್ನಡ ಕೆಡುತ್ತದೆಂಬ ಅಂಜಿಕೆ ಬೇಡ. ಬಿ. ಎಂ. ಶ್ರೀಕಂಠಯ್ಯನವರು ಮದರಾಸಿನಲ್ಲಿ ಎಂ. ಎ. ಪದವಿ ಪಡೆದು, ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದು, ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕದಿಂದ ಹೊಸಗನ್ನಡ ಕವಿತೆಗೆ ದಾರಿ ತೆರೆದರು. ಇಂದು ನಾವು ನೋಡಿದಂತೆ, ಇಂಗ್ಲಿಷಿನ ಒಂದೊಂದು ವಾಕ್ಯ ಕಟ್ಟುವಾಗಲೂ ಕನ್ನಡದ ವಾಕ್ಯವನ್ನು ಬಿಚ್ಚಿ ನೋಡಬೇಕಾಗುತ್ತದೆ. ಅದರಿಂದ ಕನ್ನಡದ ಅರಿವೂ ಬೆಳೆಯುತ್ತದೆ. ಅನ್ನ ಕೊಟ್ಟ ಊರಿನ ತಮಿಳನ್ನು ಓದಲು ಕಲಿಯುವುದನ್ನೂ ಬಿಡಬೇಡಿ.

ಕೊನೆಯದಾಗಿ ಒಂದು ಬೇಡಿಕೆ. ಒಂದು ನೋಟುಪುಸ್ತಕ ಇಡಿ. ಎಡಗಡೆಯ ಪುಟದಲ್ಲಿ ಆ ದಿನ ನಿಮ್ಮ ಕೆಲಸದಲ್ಲಿ ನಡೆದದ್ದನ್ನು ಐದು ಕನ್ನಡ ವಾಕ್ಯಗಳಲ್ಲಿ ಬರೆಯಿರಿ. ಬಲಗಡೆ ಅವನ್ನೇ ಇಂಗ್ಲಿಷಿನಲ್ಲಿ ಕಟ್ಟಿರಿ. ಗಟ್ಟಿಯಾಗಿ ಒಂದು ಸಲ ಓದಿರಿ. ಭಾನುವಾರ ಇಲ್ಲಿಗೆ ತಂದರೆ, ಇಂಗ್ಲಿಷ್ ಬಲ್ಲ ಹಿರಿಯರು ಈ ಸಭೆಯಲ್ಲೇ ಹಲವರಿದ್ದಾರೆ, ಅವರು ಪೆನ್ಸಿಲು ಹಿಡಿದು ತಿದ್ದಿಕೊಡಲೆಂದು ಎಲ್ಲರ ಪರವಾಗಿ ಕೇಳಿಕೊಳ್ಳುತ್ತೇನೆ.